ನೆರಳಿನ ಋಣ



ಕಳೆದ ಬೇಸಿಗೆಯಲ್ಲಿ ದೊಡ್ಡನೆಕ್ಕುಂದಿಯ ಭಕ್ತರೊಬ್ಬರ ಮನೆಗೆ ಪಾದಪೂಜೆಗೆಂದು ಹೋಗಿದ್ದೆವು. ಹೊಲಗದ್ದೆಗಳಿದ್ದ ಆ ಊರು ಈಗ ಹೊರವರ್ತುಲ ರಸ್ತೆಯ ಗದ್ದಲದಲ್ಲಿದೆ. ಅವರ ಮನೆಯ ಮುಂದೆ ತಂದೆಯವರು ನೆಟ್ಟು ಬೆಳೆಸಿದ ಹೊಂಗೆಯ ಮರ ಹೂತು ನಿಂತಿತ್ತು. ಗಾರೆಕೆಲಸದವರು ಕೆಲವರು ಅದರ ನೆರಳಿನಲ್ಲಿ ಬುತ್ತಿ ಬಿಚ್ಚಿ ಕುಳಿತಿದ್ದರು. ಪೂಜೆ ಮುಗಿದ ಮೇಲೆ ಭಕ್ತರು, "ಬುದ್ಧೀ, ಮನೆ ವಿಸ್ತರಿಸಬೇಕಾಗಿದೆ. ಈ ಮರವನ್ನು ತೆಗೆಸಿ, ಬೇರೆಡೆ ಹತ್ತು ಸಸಿ ನೆಡಿಸಿದರೆ ದೋಷ ಕಳೆಯುವುದಲ್ಲವೇ?" ಎಂದು ಕೇಳಿದರು.

ಇದು ಅವರೊಬ್ಬರ ಪ್ರಶ್ನೆಯಲ್ಲ. ನಗರ ಬೆಳೆಯುವೆಡೆಯಲ್ಲೆಲ್ಲ ಇದೇ ಲೆಕ್ಕ ನಡೆದಿದೆ.

ಸಸಿ ನೆಡಲು ಒಂದು ಗಳಿಗೆ ಸಾಕು. ಅದು ಮರವಾಗಬೇಕಾದರೆ ಗುಂಡಿಗೆ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ ಮುಂಗಾರಿನಲ್ಲಿ ನೆಡಬೇಕು; ಆಸರೆಗೆ ಕೋಲು ನಿಲ್ಲಿಸಿ, ದನಕುರಿ ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟಬೇಕು; ಎರಡು ಮೂರು ಬೇಸಿಗೆ ತಪ್ಪದೆ ನೀರೆರೆಯಬೇಕು. ಬೆಳೆದ ಮೇಲೂ ಬುಡದವರೆಗೆ ಸಿಮೆಂಟು ಬಳಿದು ಬೇರಿಗೆ ಗಾಳಿ, ನೀರು ತಪ್ಪಿಸಬಾರದು. ಕಾಂಡಕ್ಕೆ ಮೊಳೆ ಹೊಡೆಯಬಾರದು. ನೆಡುವುದು ಉತ್ಸವ, ಸಾಕುವುದು ಕಾಯಕ. ನಮ್ಮ ಮಠದ ಆವರಣದಲ್ಲಿಯೇ ಒಮ್ಮೆ ಮಂಗಳವಾದ್ಯದೊಡನೆ ನೆಟ್ಟ ಸಸಿಗಳಲ್ಲಿ ಬಹುಪಾಲು ಮರುಬೇಸಿಗೆಗೆ ಒಣಗಿಹೋದವು. ನೀರಿನ ಹೊಣೆ ಯಾರದೆಂದು ನಾವು ಗೊತ್ತುಮಾಡಿರಲಿಲ್ಲ. ಆ ತಪ್ಪು ನಮ್ಮದು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನೆನೆಯಿರಿ. ಪತಿ ಚಿಕ್ಕಯ್ಯನವರೊಡನೆ ಕುದೂರಿನ ದಾರಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಗಳಲ್ಲಿ ನೀರು ಹೊತ್ತು, 385 ಮರಗಳನ್ನು ಬೆಳೆಸಿದರು. 2025ರ ನವೆಂಬರ್ 14ರಂದು ಆ ತಾಯಿ ಕಣ್ಮುಚ್ಚಿದರು. ಅವರು ಹೆಸರಾದುದು ನೆಟ್ಟುದರಿಂದಲ್ಲ, ನೀರು ಹೊತ್ತುದರಿಂದ.

ಹೊಂಗೆಯ ಹೂವು ಜೇನಿಗೆ, ಬೀಜದೆಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ, ನೆರಳು ದಣಿದವರಿಗೆ. ಉಣ್ಣುವವನ ಹೆಸರು ಕೇಳದೆ ನೀಡುವುದೇ ದಾಸೋಹವಾದರೆ, ಮರ ಮಾಡುತ್ತಿರುವುದು ಅದನ್ನೇ. ನೆಲ ಭಕ್ತರದು, ಮರ ಅವರ ತಂದೆಯ ದುಡಿಮೆ, ನೆರಳಾದರೋ ದಾರಿಹೋಕರದು. ಹತ್ತು ಹದಿನೈದು ವರ್ಷಗಳ ಮೇಲೆ ಬೇರೆಲ್ಲೋ ಬೀಳುವ ನೆರಳು, ಇಂದು ಇಲ್ಲಿ ಬುತ್ತಿ ಬಿಚ್ಚಿದವನ ತಲೆಯನ್ನು ಕಾಯದು. ಸಸಿಗಳ ಸಂಖ್ಯೆಯಿಂದ ತೀರುವ ಋಣ ಇದಲ್ಲ.

ಹಾಗೆಂದು ಮರ ಕಡಿಯುವುದೆಲ್ಲ ಪಾಪವೆಂದು ನಾವು ಹೇಳುವುದಿಲ್ಲ. ಬುಡ ಪೊಳ್ಳಾಗಿ ಬೀಳುವಂತಿದ್ದರೆ ಮನುಷ್ಯರ ಪ್ರಾಣವೇ ಮೊದಲು. ಆದರೆ ಅನಿವಾರ್ಯವೂ ಅನುಕೂಲವೂ ಒಂದಲ್ಲ. ನಮ್ಮ ಅನುಕೂಲಕ್ಕೆ ಅನಿವಾರ್ಯವೆಂಬ ಹೆಸರಿಡುವಾಗಲೇ ಮನಸ್ಸು ಮೋಸಮಾಡುತ್ತದೆ.

ಭಕ್ತರಿಗೆ ನಾವು ಇಷ್ಟೇ ಹೇಳಿದೆವು: "ಮೊದಲು ಆ ಹತ್ತು ಸಸಿಗಳನ್ನು ಬೆಳೆಸಿರಿ. ಅವುಗಳ ಕೆಳಗೆ ಯಾರಾದರೂ ಬುತ್ತಿ ಬಿಚ್ಚಿ ಕುಳಿತ ದಿನ ಬಂದು ಈ ಮರದ ಮಾತು ಕೇಳಿರಿ."

ಅವರು ನಕ್ಕು, "ಅಷ್ಟರಲ್ಲಿ ನನಗೂ ನೆರಳೇ ಬೇಕಾಗಿರುತ್ತದೆ ಬುದ್ಧೀ" ಎಂದರು. ನಿರ್ಧಾರ ಅವರದು. ನಿಮ್ಮ ಅಂಗಳದಲ್ಲಿಯೂ ಅಂತಹುದೊಂದು ಮರವಿದ್ದರೆ, ಅದರ ನೆರಳಿನಲ್ಲಿ ಯಾರು ಕುಳಿತಿದ್ದಾರೆಂದು ಒಮ್ಮೆ ನೋಡಿ ಬನ್ನಿರಿ.