ವೈದ್ಯರ ಮುಂದೆ ಬಾಯಿ ಬಿಡಲು ನಾಚಿಕೆಯೇಕೆ?



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಿಂತು ನಾವು ಎಷ್ಟೋ ಕಾಯಿಲೆಗಳ ಬಗ್ಗೆ ಮಾತಾಡುತ್ತೇವೆ. ಸಕ್ಕರೆ ಎಷ್ಟಿದೆ, ಬಿ.ಪಿ. ಎಷ್ಟಿದೆ, ಮೊಣಕಾಲು ನೋವಿಗೆ ಯಾವ ಡಾಕ್ಟರು ಒಳ್ಳೆಯವರು ಎಂದು ಒಬ್ಬರಿಗೊಬ್ಬರು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇವೆ. ಆದರೆ ಈ ಮೂರಕ್ಕೂ ಎಷ್ಟೋ ಸಲ ಕಾರಣವಾಗುವ ದೇಹದ ತೂಕದ ಮಾತು ಬಂದಾಗ ಮಾತ್ರ ನಮ್ಮಲ್ಲಿ ಎರಡೇ ದಾರಿ: ಒಂದೋ ತಮಾಷೆ, ಇಲ್ಲವೇ ಮೌನ. ತೂಕ ಇಳಿಸುವ ಆಪರೇಷನ್ ಎಂದರಂತೂ ಮನೆಯೊಳಗೂ ಪಿಸುಮಾತೇ. ಡಾಕ್ಟರ ಎದುರು ಕುಳಿತು "ನನ್ನಂಥವರಿಗೆ ಆ ಆಪರೇಷನ್ ಮಾಡಬಹುದೇ?" ಎಂದು ಕೇಳಲು ಹೆದರಿ ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ. ಕೇಳಬೇಕೆಂದೇ ಹೋಗಿ, ಕೆಮ್ಮಿಗೆ ಔಷಧಿ ತೆಗೆದುಕೊಂಡು ಹಿಂತಿರುಗುವವರೂ ಇದ್ದಾರೆ.

ಈ ಹೆದರಿಕೆಯನ್ನು "ಸ್ವಲ್ಪ ಧೈರ್ಯ ಮಾಡಿ" ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಅದರ ಬುಡದಲ್ಲಿ ಒಂದು ನೈತಿಕ ಪ್ರಶ್ನೆ ಇದೆ. "ಇದು ನನ್ನ ಬಾಯಿಚಪಲದ ಫಲ. ನನ್ನದೇ ಪಾಪಕ್ಕೆ ಆಪರೇಷನ್ ಕೇಳುವುದು ಸರಿಯೇ? ಉಪವಾಸ, ಪ್ರಾರ್ಥನೆ, ಸಂಯಮದಿಂದ ಆಗಬೇಕಾದುದಕ್ಕೆ ಅಡ್ಡದಾರಿ ಹುಡುಕಿದಂತಾಗುವುದಿಲ್ಲವೇ?" ಭಕ್ತಿಯುಳ್ಳವರನ್ನೇ ಈ ಪ್ರಶ್ನೆ ಹೆಚ್ಚು ಕಾಡುತ್ತದೆ. ಆದ್ದರಿಂದ ಅದನ್ನು ಧರ್ಮಸಭೆಯ ಬೋಧನೆಯ ಬೆಳಕಿನಲ್ಲಿಯೇ ನೋಡೋಣ.

ಮೊದಲು, ಇದು ಒಬ್ಬಿಬ್ಬರ ಪ್ರಶ್ನೆಯಲ್ಲ ಎಂಬುದನ್ನು ತಿಳಿಯಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಮಿಳುನಾಡಿನಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 40.4 ಮತ್ತು ಪುರುಷರಲ್ಲಿ ಶೇ. 37ರಷ್ಟು ಮಂದಿ ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಇಡೀ ದೇಶದ ಲೆಕ್ಕದಲ್ಲಿ ಮಹಿಳೆಯರಲ್ಲಿ ಇದು ಶೇ. 24 ಮಾತ್ರ. ಅಂದರೆ ನಮ್ಮ ಪಕ್ಕದ ಬೆಂಚಿನಲ್ಲಿ ಮಂಡಿಯೂರಿರುವ ಐದು ಮಂದಿಯಲ್ಲಿ ಇಬ್ಬರಿಗೆ ಈ ಚಿಂತೆ ಇರಬಹುದು. ಇಷ್ಟು ಜನರು ಒಟ್ಟಾಗಿ ಪಾಪದಲ್ಲಿ ಬಿದ್ದರೆಂದು ಹೇಳುವುದು ಕಷ್ಟ. ಕೂತು ಮಾಡುವ ಕೆಲಸ, ಅಗ್ಗದ ಎಣ್ಣೆ ಸಕ್ಕರೆ, ನಿದ್ದೆಯಿಲ್ಲದ ಶಿಫ್ಟು, ನಡೆಯಲು ಜಾಗವಿಲ್ಲದ ರಸ್ತೆ, ಇವೆಲ್ಲವೂ ಇದರಲ್ಲಿ ಸೇರಿವೆ.

ಹೊಟ್ಟೆಬಾಕತನ ಏಳು ಪ್ರಧಾನ ಪಾಪಗಳಲ್ಲಿ ಒಂದು, ನಿಜ. ಆದರೆ ಧರ್ಮಸಭೆಯ ಪಂಡಿತರು ಅದನ್ನು ಎಂದೂ ತಕ್ಕಡಿಯಲ್ಲಿ ತೂಗಲಿಲ್ಲ. ಮಹಾ ಸಂತ ಗ್ರೆಗೊರಿಯವರು ಅದರ ಐದು ಬಗೆಗಳನ್ನು ಹೇಳಿದರು. ಸಂತ ತೋಮಸ್ ಅಕ್ವಿನಾಸರು ಅವನ್ನೇ ತಮ್ಮ ದೈವಶಾಸ್ತ್ರ ಗ್ರಂಥದಲ್ಲಿ ವಿವರಿಸಿದರು. ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದನ್ನೇ ಬಯಸುವುದು, ಅತಿಯಾಗಿ ತಿನ್ನುವುದು, ಆತುರದಿಂದ ತಿನ್ನುವುದು, ರುಚಿಯ ವಿಷಯದಲ್ಲಿ ಅತಿ ನಾಜೂಕು ಮಾಡುವುದು. ಈ ಐದರಲ್ಲಿ ಅತಿಯಾಗಿ ತಿನ್ನುವುದು ಒಂದು ಮಾತ್ರ. ತೆಳ್ಳಗಿರುವವನೂ ಉಳಿದ ನಾಲ್ಕರಲ್ಲಿ ಬೀಳಬಹುದು. ಅಕ್ವಿನಾಸರ ಪ್ರಕಾರ ಪಾಪ ಇರುವುದು ಅಂಕೆ ಮೀರಿದ ಆಸೆಯಲ್ಲಿ. ಅವರೇ ದಪ್ಪನೆಯ ಮೈಕಟ್ಟಿನವರಾಗಿದ್ದರೆಂಬುದು ಪರಂಪರೆಯಿಂದ ಬಂದ ಮಾತು. 2014ರಲ್ಲಿ ಸಂತರೆಂದು ಘೋಷಿಸಲ್ಪಟ್ಟ ಪೋಪ್ 23ನೇ ಜಾನ್ ಅವರ ಚಿತ್ರವನ್ನು ನೋಡಿದವರಿಗೂ ಗೊತ್ತು, ಪಾವಿತ್ರ್ಯಕ್ಕೆ ಸೊಂಟದ ಅಳತೆ ಇಲ್ಲ.

ವಿಜ್ಞಾನವೂ ಇದಕ್ಕೆ ಒಂದು ಮಾತು ಸೇರಿಸುತ್ತದೆ. ಕೊಬ್ಬಿನ ಕಣಗಳಿಂದ ಹೊರಟು ಮೆದುಳಿಗೆ "ಸಾಕು" ಎಂದು ಹೇಳುವ ಲೆಪ್ಟಿನ್ ಎಂಬ ಹಾರ್ಮೋನು 1994ರಲ್ಲಿ ಪತ್ತೆಯಾಯಿತು. ಹೊಟ್ಟೆಯಿಂದ ಹೊರಟು "ಹಸಿವು" ಎಂದು ಹೇಳುವ ಗ್ರೆಲಿನ್ 1999ರಲ್ಲಿ ಪತ್ತೆಯಾಯಿತು. ತೂಕ ಇಳಿದಾಗ ದೇಹ ಹಸಿವನ್ನು ಹೆಚ್ಚಿಸಿ ಹಳೆಯ ತೂಕಕ್ಕೇ ಮರಳಲು ಹೆಣಗುತ್ತದೆ. ತಪಸ್ಸುಕಾಲದ ನಲವತ್ತು ದಿನ ನಿಷ್ಠೆಯಿಂದ ಉಪವಾಸ ಮಾಡಿ ಇಳಿಸಿದ ತೂಕ ಈಸ್ಟರ್ ಕಳೆದು ಎರಡು ತಿಂಗಳಲ್ಲಿ ಮರಳಿ ಬಂದರೆ, ಅದು ಭಕ್ತಿಯ ಸೋಲಲ್ಲ. ಹಾಗೆಂದು ನಮ್ಮ ಊಟದ ಬಗ್ಗೆ ನಮಗೆ ಹೊಣೆಯೇ ಇಲ್ಲವೆಂದೂ ಅರ್ಥವಲ್ಲ. ಆರೋಗ್ಯ ದೇವರು ನಮ್ಮ ಕೈಗೆ ಒಪ್ಪಿಸಿದ ವರ, ಅದನ್ನು ಕಾಪಾಡಬೇಕು ಎಂದು ಧರ್ಮೋಪದೇಶ ಗ್ರಂಥ ಕಲಿಸುತ್ತದೆ. ಊಟದಲ್ಲಿ ಅತಿರೇಕ ಬೇಡವೆಂದೂ, ದೇಹವನ್ನೇ ಪೂಜಿಸುವುದು ಬೇಡವೆಂದೂ ಅಲ್ಲಿಯೇ ಹೇಳುತ್ತದೆ. ಹೊಣೆ ಬೇರೆ, ಅಪರಾಧ ಬೇರೆ.

ಈಗ ಕಠಿಣವಾದ ಪ್ರಶ್ನೆಗೆ ಬರೋಣ. ಈ ಆಪರೇಷನ್‌ಗಳಲ್ಲಿ ಹೆಚ್ಚು ನಡೆಯುವ ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಗೆಡ್ಡೆ ಇಲ್ಲ, ಹುಣ್ಣಿಲ್ಲ, ಕೆಟ್ಟಿರದ ಅಂಗ ಅದು. ದೇವರು ಕೊಟ್ಟ ಆರೋಗ್ಯವಂತ ಅಂಗವನ್ನು ಕತ್ತರಿಸಬಹುದೇ?

1953ರ ಅಕ್ಟೋಬರ್ 8ರಂದು ಪೋಪ್ 12ನೇ ಪಯಸ್ ಅವರು ಮೂತ್ರರೋಗ ತಜ್ಞರ ಸಮ್ಮೇಳನವನ್ನು ಉದ್ದೇಶಿಸಿ ಮಾತಾಡುತ್ತ ಇಂಥದೇ ಪ್ರಶ್ನೆಗೆ ಉತ್ತರ ಕೊಟ್ಟರು. ಅಂಗ ಇರುವುದು ಇಡೀ ದೇಹದ ಒಳಿತಿಗಾಗಿ. ಆದ್ದರಿಂದ ಅಂಗ ಸ್ವತಃ ಕೆಡದಿದ್ದರೂ ಮೂರು ಷರತ್ತುಗಳು ಪೂರೈಸಿದರೆ ಅದನ್ನು ತೆಗೆಯಬಹುದು ಎಂಬುದು ಅವರ ಬೋಧನೆಯ ಸಾರ. ಒಂದು, ಆ ಅಂಗ ಇರುವುದರಿಂದ ಅಥವಾ ಅದು ಕೆಲಸ ಮಾಡುವುದರಿಂದ ಇಡೀ ದೇಹಕ್ಕೆ ಗಂಭೀರ ಹಾನಿ ಆಗುತ್ತಿರಬೇಕು. ಎರಡು, ಆ ಹಾನಿಯನ್ನು ಬೇರೆ ದಾರಿಯಿಂದ ತಪ್ಪಿಸಲು ಆಗದಿರಬೇಕು, ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಭರವಸೆ ಇರಬೇಕು. ಮೂರು, ಕಳೆದುಕೊಳ್ಳುವುದಕ್ಕಿಂತ ಸಿಗುವ ಒಳಿತು ಹೆಚ್ಚಾಗಿರಬೇಕು.

ಈ ಮೂರು ಷರತ್ತುಗಳನ್ನು ಗಮನವಿಟ್ಟು ನೋಡಿ. ಒಂದಕ್ಕಾದರೂ ನಾವು ಮನೆಯಲ್ಲಿ ಕೂತು ಉತ್ತರ ಹೇಳಲಾರೆವು. ಫಾದರ್ ಅವರನ್ನು ಕೇಳಿದರೂ ಅವರು ಹೇಳಲಾರರು. ಮೂರಕ್ಕೂ ವೈದ್ಯರ ತಿಳಿವಳಿಕೆ ಬೇಕು. ವೈದ್ಯರಿಗೆ ನಮ್ಮಿಂದ ಸತ್ಯ ಬೇಕು. ಆದ್ದರಿಂದ ಡಾಕ್ಟರೊಡನೆ ಬಾಯಿ ಬಿಟ್ಟು ಮಾತಾಡುವುದು ಮನಸ್ಸಾಕ್ಷಿಯ ಕೆಲಸದ ಮೊದಲ ಹೆಜ್ಜೆ. ಕೇಳದೆಯೇ "ಬೇಡ" ಎಂದವರೂ, ಕೇಳದೆಯೇ "ಬೇಕೇ ಬೇಕು" ಎಂದವರೂ ಮನಸ್ಸಾಕ್ಷಿಯನ್ನು ಕತ್ತಲಲ್ಲಿ ಇಟ್ಟಂತೆ.

ಡಾಕ್ಟರ ಮುಂದೆ ಆ ಮೂರು ಪ್ರಶ್ನೆಗಳು ಹೀಗೆ ಬರುತ್ತವೆ.

ಹಾನಿ ಎಷ್ಟು? ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿ.ಎಂ.ಐ. ಸಿಗುತ್ತದೆ. 160 ಸೆಂ.ಮೀ. ಎತ್ತರದವರು 90 ಕಿಲೋ ಇದ್ದರೆ ಅದು ಸುಮಾರು 35. 2022ರಲ್ಲಿ ಈ ಕ್ಷೇತ್ರದ ಎರಡು ಅಂತಾರಾಷ್ಟ್ರೀಯ ವೈದ್ಯ ಸಂಘಗಳು 35 ಅಥವಾ ಹೆಚ್ಚು ಇದ್ದವರಿಗೆ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದವು. ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಸಕ್ಕರೆ ಕಾಯಿಲೆ ಬರುವುದರಿಂದ 27.5ರಿಂದಲೇ ಪರಿಗಣಿಸಬಹುದು ಎಂದವು. ಇದು ಅಳತೆ ಮಾತ್ರ. ಸಕ್ಕರೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಕೀಲುಗಳ ಸ್ಥಿತಿ ಎಲ್ಲವನ್ನೂ ನೋಡಿ ಹೇಳಬೇಕಾದವರು ವೈದ್ಯರು.

ಬೇರೆ ದಾರಿ ಇದೆಯೇ? ಊಟದ ಬದಲಾವಣೆ, ನಡಿಗೆ, ಔಷಧಿ ಇವೆ. 2025ರಿಂದ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕದ ಔಷಧಿಗಳೂ ನಮ್ಮ ದೇಶದಲ್ಲಿ ಸಿಗುತ್ತಿವೆ. ಹಿಂದೆ ಏನೇನು ಮಾಡಿ ನೋಡಿದಿರಿ, ಎಷ್ಟು ತಿಂಗಳು, ಯಾಕೆ ಬಿಟ್ಟಿರಿ ಎಂದು ಮುಚ್ಚುಮರೆ ಇಲ್ಲದೆ ಹೇಳಿದರೆ ಮಾತ್ರ ಡಾಕ್ಟರು ಇದಕ್ಕೆ ಉತ್ತರ ಕೊಡಬಲ್ಲರು.

ಲಾಭ ನಷ್ಟ ಏನು? ಸ್ವೀಡನ್‌ನಲ್ಲಿ 1987ರಲ್ಲಿ ಆರಂಭವಾಗಿ ಸುಮಾರು 4,000 ಜನರನ್ನು ಹಲವು ವರ್ಷ ಗಮನಿಸಿದ ಅಧ್ಯಯನದ ಫಲ 2007ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಸಾವು ಕಡಿಮೆ ಎಂದು ಅದು ತೋರಿಸಿತು. ಇನ್ನೊಂದು ಕಡೆ, ತೆಗೆದ ಜಠರ ಮತ್ತೆ ಬರುವುದಿಲ್ಲ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳೂ ರಕ್ತಪರೀಕ್ಷೆಯೂ ಜೀವನಪೂರ್ತಿ ಬೇಕು. ಕೆಲವರಿಗೆ ತೂಕ ಮತ್ತೆ ಏರುವುದೂ ಉಂಟು. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬಾರದೆಂದು ವೈದ್ಯರು ಹೇಳುತ್ತಾರೆ. ಹೊಸದಾಗಿ ಮದುವೆಯಾದವರು ಇದನ್ನು ಮೊದಲೇ ಕೇಳಬೇಕು. ಸಹಜ ವಿಧಾನವನ್ನೇ ಅನುಸರಿಸುವ ದಂಪತಿಗಳು ಅದನ್ನೂ ಹೇಳಬೇಕು. ಇಷ್ಟೆಲ್ಲ ಶಿಸ್ತು ಬೇಡುವ ದಾರಿಯನ್ನು ಅಡ್ಡದಾರಿ ಎನ್ನಲು ಬರುವುದಿಲ್ಲ.

ಆದರೂ ಬಾಯಿ ಬರುವುದಿಲ್ಲವಲ್ಲ, ಏನು ಮಾಡುವುದು? ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಬರುವ ಆ ತಾಯಿಯನ್ನು ನೆನೆಯಿರಿ. ಹನ್ನೆರಡು ವರ್ಷ ರಕ್ತಸ್ರಾವ. ಅನೇಕ ವೈದ್ಯರ ಬಳಿ ಹೋಗಿ ಇದ್ದುದನ್ನೆಲ್ಲ ಕಳೆದುಕೊಂಡಿದ್ದಳು. ಹೇಳಿಕೊಳ್ಳಲಾಗದ ಕಾಯಿಲೆ, ಅದಕ್ಕೇ ಹಿಂದಿನಿಂದ ಬಂದು ಗುಟ್ಟಾಗಿ ಪ್ರಭುವಿನ ಉಡುಪನ್ನು ಮುಟ್ಟಿದಳು. ಮುಟ್ಟಿದೊಡನೆ ಗುಣವಾಯಿತು. ಆದರೂ ಪ್ರಭು ಅವಳನ್ನು ಹಾಗೆಯೇ ಗುಂಪಿನಲ್ಲಿ ಮರೆಯಾಗಲು ಬಿಡಲಿಲ್ಲ. ಅವಳು ಹೆದರಿ ನಡುಗುತ್ತಲೇ ಮುಂದೆ ಬಂದು ನಡೆದುದೆಲ್ಲವನ್ನೂ ಹೇಳಿದಳು. ಪ್ರಭು ಅವಳನ್ನು ಗದರಲಿಲ್ಲ. ಮಗಳೇ ಎಂದು ಕರೆದು ಸಮಾಧಾನದಿಂದ ಕಳುಹಿಸಿದರು. ನಡುಕ ನಿಂತ ಮೇಲೆ ಅವಳು ಮಾತಾಡಿದ್ದಲ್ಲ, ನಡುಗುತ್ತಲೇ ಮಾತಾಡಿದಳು. ನಮಗೂ ಅಷ್ಟೇ ಸಾಕು.

ಪಾಪನಿವೇದನೆಯ ಅಭ್ಯಾಸವೂ ನಮಗೆ ಇಲ್ಲಿ ನೆರವಾಗುತ್ತದೆ. ಸುತ್ತಿಬಳಸದೆ ಇದ್ದುದನ್ನು ಇದ್ದಂತೆ ಹೇಳಲು ನಾವು ಚಿಕ್ಕಂದಿನಿಂದಲೇ ಕಲಿತಿದ್ದೇವೆ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು: ಡಾಕ್ಟರ ಕೋಣೆಯಲ್ಲಿ ಕ್ಷಮೆ ಕೇಳಬೇಕಾಗಿಲ್ಲ. ರಾತ್ರಿ ಎದ್ದು ತಿನ್ನುವುದು, ಕುಡಿಯುವುದು, ಮನಸ್ಸು ಕುಗ್ಗಿರುವುದು, ನಾಟಿ ಔಷಧಿ ತೆಗೆದುಕೊಂಡದ್ದು, ಇವೆಲ್ಲ ಅಲ್ಲಿ ಚಿಕಿತ್ಸೆಗೆ ಬೇಕಾದ ಮಾಹಿತಿ. ಗುಟ್ಟು ಕಾಪಾಡುವುದು ವೈದ್ಯರ ಕರ್ತವ್ಯ. ಒಬ್ಬ ಡಾಕ್ಟರು ಕೇಳಿಸಿಕೊಳ್ಳದೆ ಬೈದು ಕಳುಹಿಸಿದರೆ ಇನ್ನೊಬ್ಬರ ಬಳಿ ಹೋಗುವುದರಲ್ಲಿ ತಪ್ಪಿಲ್ಲ. ಕೊಯಮತ್ತೂರಿನಂಥ ಊರಿನಲ್ಲಿ ಅದು ಕಷ್ಟವೂ ಅಲ್ಲ, ಡಾ. ಸಿ. ಪಳನಿವೇಲು ಅವರಂಥವರಿಂದಾಗಿ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಗೆ ದೇಶದಲ್ಲೇ ಹೆಸರಾದ ಊರು ಇದು.

ನಮ್ಮ ಕನ್ನಡ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಆಸ್ಪತ್ರೆಯ ಕಾಗದದಲ್ಲಿ ಇಂಗ್ಲಿಷ್. ತರಕಾರಿ ಕೊಳ್ಳಲು ಸಾಕಾಗುವ ತಮಿಳು ಮೈಯ ಸಂಕಟ ಹೇಳಲು ಸಾಲದು. ಮಗನನ್ನು ಜೊತೆಗೆ ಕರೆದುಕೊಂಡು ಹೋದರೆ ಅವನ ಎದುರು ಮುಟ್ಟಿನ ತೊಂದರೆಯನ್ನೋ ಮನಸ್ಸಿನ ಬೇಸರವನ್ನೋ ತಾಯಿ ಹೇಳುವುದಿಲ್ಲ. ಹೇಳಬೇಕಾದುದನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದುಕೊಳ್ಳಿ. ನಂಬಿಕೆಯ ಒಬ್ಬ ಅಕ್ಕನೋ ಗೆಳತಿಯೋ ಅದನ್ನು ತಮಿಳಿನಲ್ಲಿ ಬರೆದುಕೊಡಲಿ. ಚೀಟಿಯನ್ನು ಡಾಕ್ಟರ ಕೈಗೆ ಕೊಟ್ಟರೂ ಅದು ಮಾತಾಡಿದಂತೆಯೇ.

ಮುಚ್ಚಿಡುವುದರ ಅಪಾಯವೂ ಚಿಕ್ಕದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕನ್ನಡ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಚಿಕಿತ್ಸೆಯ ಬಳಿಕ ತೀರಿಕೊಂಡರು. ತಂದೆತಾಯಿಗೆ ತಿಳಿಸದೆ ಹೋಗಿದ್ದರೆಂದು ಆಗ ವರದಿಯಾಯಿತು. ಅದು ಅಂದಕ್ಕಾಗಿ ಮಾಡುವ ಬೇರೆ ಬಗೆಯ ಚಿಕಿತ್ಸೆ, ಜಠರದ ಆಪರೇಷನ್ ಅಲ್ಲ. ಈ ವ್ಯತ್ಯಾಸವನ್ನು ಕೂಡ ಡಾಕ್ಟರೊಬ್ಬರನ್ನು ಕೇಳಿಯೇ ತಿಳಿಯಬೇಕು. ಆ ಮಗುವನ್ನು ದೂರಲು ನಮಗೆ ಹಕ್ಕಿಲ್ಲ. ದಪ್ಪ ಎಂದರೆ ನಗುವ ಸಮಾಜದಲ್ಲಿ ಇನ್ನೆಷ್ಟು ಮಕ್ಕಳು ಹೀಗೆ ಗುಟ್ಟಾಗಿ ಹೋಗುತ್ತಿದ್ದಾರೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಖರ್ಚಿನ ಭಯಕ್ಕೂ ಒಂದು ಮಾತು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ನಿಗದಿಪಡಿಸಿದ ನಿಯಮದಂತೆ, 18 ತುಂಬಿದವರಿಗೆ ವೈದ್ಯರ ಸಲಹೆಯ ಮೇರೆಗೆ, ಬಿ.ಎಂ.ಐ. 40 ಇದ್ದರೆ, ಅಥವಾ 35 ಇದ್ದು ಹೃದಯರೋಗ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದು ಬೇರೆ ಚಿಕಿತ್ಸೆ ಫಲಿಸದಿದ್ದರೆ, ಬೊಜ್ಜಿನ ಶಸ್ತ್ರಚಿಕಿತ್ಸೆ ವಿಮೆಯ ಹೊರಗಿಡುವ ಪಟ್ಟಿಗೆ ಸೇರುವುದಿಲ್ಲ. ನಿಮ್ಮ ಪಾಲಿಸಿಯ ಕಾಗದವನ್ನು ಒಮ್ಮೆ ತೆಗೆದು ನೋಡಿ.

ಕೊನೆಯದಾಗಿ, ಈ ನಾಚಿಕೆ ಹುಟ್ಟುವುದು ಡಾಕ್ಟರ ಕೋಣೆಯಲ್ಲಿ ಅಲ್ಲ, ನಮ್ಮ ಅಂಗಳದಲ್ಲಿ. ಹಬ್ಬದ ಊಟದಲ್ಲಿ ಒಬ್ಬರ ತಟ್ಟೆ ನೋಡಿ ನಗುವವರು, ಹೆಣ್ಣು ನೋಡಲು ಹೋಗಿ ತೂಕದ ಮಾತೆತ್ತುವವರು, ಯುವಕರ ಸಂಘದಲ್ಲಿ ಒಬ್ಬನಿಗೆ ಅಡ್ಡಹೆಸರಿಡುವವರು, ನಾವೇ. ಸಿರಾಖನ ಗ್ರಂಥದ 38ನೇ ಅಧ್ಯಾಯ ಪ್ರಾರ್ಥನೆಯನ್ನೂ ವೈದ್ಯನನ್ನೂ ಒಟ್ಟಿಗೇ ಇಡುತ್ತದೆ. ವೈದ್ಯನ ಕೌಶಲ ದೇವರಿಂದಲೇ ಬಂದುದೆಂದು ಕಲಿಸುತ್ತದೆ. ಅಂಥ ವೈದ್ಯರ ಬಳಿಗೆ ಒಬ್ಬರು ಹೋಗದಂತೆ ನಮ್ಮ ನಗೆ ತಡೆದರೆ, ಆ ಪಾಪಕ್ಕೆ ಖಂಡಿತ ನಿವೇದನೆ ಬೇಕು.

ತೂಕದ ಪ್ರಶ್ನೆಯನ್ನು ಎಷ್ಟೋ ಜನ ಎದ್ದು ಹೊರಡುವಾಗ, ಬಾಗಿಲ ಮೇಲೆ ಕೈಯಿಟ್ಟು ಕೇಳುತ್ತಾರೆ. ಆಗ ಡಾಕ್ಟರಿಗೆ ಸಮಯವಿರುವುದಿಲ್ಲ. ಮುಂದಿನ ಸಲ ಹೋಗುವಾಗ ಚೀಟಿಯ ಮೊದಲ ಸಾಲಿನಲ್ಲೇ ಅದನ್ನು ಬರೆಯಿರಿ. ಉತ್ತರ "ಬೇಡ" ಎಂದು ಬಂದರೂ ಕೇಳಿದ್ದು ವ್ಯರ್ಥವಲ್ಲ. ಸ್ವತಃ ವೈದ್ಯರಾಗಿದ್ದ ಸಂತ ಲೂಕರು ಹೆದರಿದವರಿಗೆ ಮಾತನ್ನೂ, ಕೇಳಿಸಿಕೊಳ್ಳುವ ವೈದ್ಯರಿಗೆ ತಾಳ್ಮೆಯನ್ನೂ ಪ್ರಭುವಿನಿಂದ ಬೇಡಿ ಕೊಡಲಿ.