‘ಸಾಕು’ ಎಂಬ ಮಾತಿನ ಬೆಲೆ

ಮಾನವನು ಉಣ್ಣುವ ತುತ್ತು ಎಷ್ಟು ಹೊತ್ತು ಅವನ ಅಧೀನದಲ್ಲಿರುತ್ತದೆ? ಬಾಯಿಗಿಡುವುದು, ಅಗಿಯುವುದು, ನುಂಗಲು ತೊಡಗುವುದು, ಇಷ್ಟೇ ನಮ್ಮ ಇಚ್ಛೆಗೆ ಒಳಪಟ್ಟದ್ದು. ಗಂಟಲು ದಾಟಿದೊಡನೆ ನಮ್ಮ ಅಧಿಕಾರ ಮುಗಿಯುತ್ತದೆ.

ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳವು ಅಲೆಅಲೆಯಾಗಿ ಸಂಕುಚಿಸುತ್ತ ತುತ್ತನ್ನು ಕೆಲವೇ ಕ್ಷಣಗಳಲ್ಲಿ ಜಠರಕ್ಕೆ ನೂಕುತ್ತದೆ. ಜಠರವು ಆಮ್ಲ ಹಾಗೂ ಪಾಚಕರಸಗಳನ್ನು ಬೆರೆಸಿ, ಸಾಮಾನ್ಯವಾಗಿ 2ರಿಂದ 4 ಗಂಟೆಗಳ ಕಾಲ ಕಡೆದು, ಅಂಬಲಿಯಂತೆ ಮಾಡಿ, ಸ್ವಲ್ಪಸ್ವಲ್ಪವೇ ಸಣ್ಣ ಕರುಳಿಗೆ ಬಿಡುತ್ತದೆ. ಸುಮಾರು 6 ಮೀಟರ್ ಉದ್ದದ ಆ ಕರುಳಿನಲ್ಲಿ ಪಿತ್ತರಸವೂ ಮೇದೋಜೀರಕ ರಸವೂ ಕೂಡಿ, ಆಹಾರದ ಸಾರವು ಶರೀರಗತವಾಗುತ್ತದೆ. ಉಳಿದುದು ದೊಡ್ಡ ಕರುಳಿನಲ್ಲಿ ನೀರನ್ನು ಕಳೆದುಕೊಂಡು ಹೊರಬೀಳಲು ಒಂದೆರಡು ದಿನಗಳೇ ಬೇಕಾಗಬಹುದು. ನಾಲಿಗೆಯ ರುಚಿ ಕ್ಷಣಕಾಲದ್ದು. ಶರೀರದ ದುಡಿಮೆ ದಿನಗಟ್ಟಲೆಯದು.

ವ್ಯಾಪಾರಸ್ಥರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬೇಡದ ಸರಕನ್ನು ಅಂಗಡಿಯ ಬಾಗಿಲಲ್ಲೇ ಹಿಂದಿರುಗಿಸಬೇಕು. ಗೋದಾಮು ಸೇರಿದ ಮೇಲೆ ಅದರ ಹೊರೆ ನಮ್ಮದೇ. ಬಾಯಿಯೇ ಶರೀರದ ಆ ಬಾಗಿಲು. ಬಾಹ್ಯ ತಪಸ್ಸುಗಳಲ್ಲಿ ಎರಡನೆಯದಾದ ಅವಮೌದರ್ಯವು, ಹಸಿವಿಗಿಂತ ತುಸು ಕಡಿಮೆ ಉಣ್ಣುವ ವ್ರತವು, ಈ ಬಾಗಿಲಲ್ಲಿಯೇ ನಡೆಯತಕ್ಕದ್ದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಪಂಕ್ತಿಭೋಜನಗಳಲ್ಲಿ ಬಡಿಸುವವರು ‘ಇನ್ನೊಂದೇ ಹೋಳಿಗೆ’ ಎಂದು ಆಗ್ರಹ ಮಾಡುತ್ತಾರೆ. ಉಣ್ಣುವವರು ಕನ್ನಡದಲ್ಲಿ ‘ಸಾಕು’ ಎನ್ನಲಿ, ಮರಾಠಿಯಲ್ಲಿ ‘ಪುರೇ’ ಎನ್ನಲಿ, ಎಲೆಯ ಮೇಲೆ ಅಡ್ಡ ಹಿಡಿದ ಕೈಯನ್ನೂ ಸರಿಸಿ ಬಡಿಸುವುದುಂಟು. ಆಗ ಅತಿಥಿಯ ಮುಂದೆ ಎರಡೇ ದಾರಿ: ಉಂಡರೆ ದೇಹಕ್ಕೆ ಕೇಡು, ಬಿಟ್ಟರೆ ಅನ್ನಕ್ಕೆ ಅಪಚಾರ. ಮಧುಮೇಹವುಳ್ಳವರಿಗಂತೂ ಈ ಸಂಕಟ ಇಮ್ಮಡಿ. ಇದು ಪ್ರೀತಿಯೋ, ಪೀಡೆಯೋ?

ಅತಿಥಿ ಸತ್ಕಾರವು ಶ್ರಾವಕರ ಧರ್ಮವಲ್ಲವೇ ಎಂದು ಕೇಳಬಹುದು. ಅಹುದು. ಸಂಕೋಚದಿಂದ ಅರೆಹೊಟ್ಟೆಯಲ್ಲಿ ಏಳುವವರೂ ಇರುತ್ತಾರೆ. ಅವರನ್ನು ಒಮ್ಮೆ, ಬೇಕಾದರೆ ಎರಡು ಸಲ ವಿಚಾರಿಸುವುದು ಸೌಜನ್ಯ. ಆದರೆ ಅವರ ಉತ್ತರವನ್ನು ಮೀರುವುದು ಸೌಜನ್ಯವಲ್ಲ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದುದಕ್ಕೆ ಸಮ್ಮತಿಸಿದ್ದು, ಈ ಕೃತ, ಕಾರಿತ, ಅನುಮೋದಿತ ಮೂರಕ್ಕೂ ನಾವು ಹೊಣೆಗಾರರೆಂದು ಬಲ್ಲವರು ತಿಳಿಸಿದ್ದಾರೆ. ತಾನು ಮಿತವಾಗಿ ಉಂಡು ಇತರರಿಗೆ ಬಲವಂತವಾಗಿ ಉಣಿಸುವವನು ‘ಕಾರಿತ’ದ ಹೊಣೆಯಿಂದ ತಪ್ಪಿಸಿಕೊಳ್ಳಲಾರನು. ಆಹಾರದ ದೀರ್ಘ ಪಯಣದಲ್ಲಿ ಮನುಷ್ಯನಿಗಿರುವ ಸ್ವಾತಂತ್ರ್ಯದ ಸ್ಥಳ ಒಂದೇ. ಅದನ್ನೂ ಅವನಿಂದ ಕಸಿದುಕೊಂಡರೆ ಉಳಿಯುವುದೇನು?

ಆದುದರಿಂದ ಧರ್ಮಬಂಧುಗಳೇ, ಈ ಉತ್ಸವದ ಪಂಕ್ತಿಯಲ್ಲಿ ಬಡಿಸುವ ಯುವಕ ಯುವತಿಯರು ಕೇಳಿ ಬಡಿಸಲಿ, ಸ್ವಲ್ಪಸ್ವಲ್ಪವೇ ಬಡಿಸಲಿ. ಹೊಟ್ಟೆ ತುಂಬಿದ ಅರಿವು ಮನಸ್ಸಿಗೆ ಮುಟ್ಟಲು ಸುಮಾರು 20 ನಿಮಿಷಗಳು ಬೇಕೆನ್ನುತ್ತಾರೆ. ಆದ್ದರಿಂದ ಉಣ್ಣುವವರೂ ಅವಸರಪಡದಿರಲಿ. ‘ಸಾಕು’ ಎಂದವರ ಎಲೆಯ ಮುಂದೆ ಬಡಿಸುವ ಕೈ ತಡೆಯಲಿ. ಅದೂ ಅಹಿಂಸೆಯೇ.