ಅಟ್ಟದ ಮೇಲಿನ ಪರಿಗ್ರಹ

ಗೃಹಸ್ಥನಿಗೆ ಅಪರಿಗ್ರಹವು ಸಾಧ್ಯವೇ ಎಂಬ ಪ್ರಶ್ನೆಯು ಹಳೆಯದು. ಪತಂಜಲಿಗಳು ಅದನ್ನು ಐದು ಯಮಗಳಲ್ಲೊಂದಾಗಿ ಎಣಿಸಿದರು. ಜೈನರು ಯತಿಗೆ ಪೂರ್ಣತ್ಯಾಗವನ್ನೂ ಶ್ರಾವಕನಿಗೆ ಪರಿಮಿತಿಯನ್ನೂ ವಿಧಿಸಿದರು. ಆದರೆ ತಾನು ಸಂಪಾದಿಸದೆ ಹಿರಿಯರಿಂದ ಬಂದು ಅಟ್ಟದ ಮೇಲೆ ಕುಳಿತಿರುವ ವಸ್ತುವನ್ನು ಏನು ಮಾಡಬೇಕೆಂಬುದು ಬೇರೆಯೇ ಒಂದು ತೊಡಕು.

ಕನ್ನಡನಾಡಿನ ಹಳೆಯ ಮನೆಗಳಲ್ಲಿ ಯಾವುದನ್ನೂ ಸುಲಭವಾಗಿ ಬಿಸಾಡುತ್ತಿರಲಿಲ್ಲ. ಹರಿದ ಸೀರೆಯು ಕೌದಿಯಾಗುತ್ತಿತ್ತು; ತೂತಾದ ಕೊಡವು ಕಂಚುಗಾರನಲ್ಲಿಗೆ ಹೋಗಿ ಬೆಸುಗೆಗೊಂಡು ಮರಳುತ್ತಿತ್ತು. ಇದು ಲೋಭವಲ್ಲ, ಮಿತವ್ಯಯ. ಬಳಕೆ ನಿಲ್ಲದಿದ್ದುದೇ ಅದಕ್ಕೆ ಸಾಕ್ಷಿ. ಕಾಲು ಮುರಿದ ಕುರ್ಚಿಯನ್ನೂ ಬೀಗ ಕಳೆದ ಬೀಗದ ಕೈಯನ್ನೂ 'ಎಂದಾದರೂ ಬೇಕಾದೀತು' ಎಂದು ಅಟ್ಟಕ್ಕೇರಿಸುವುದು ಮಾತ್ರ ಬೇರೆ ಬಗೆಯ ಸಂಗ್ರಹ. ಆ 'ಎಂದಾದರೂ' ಎಂಬ ದಿನವು ಯಾವ ಪಂಚಾಂಗದಲ್ಲಿಯೂ ಬಂದಂತಿಲ್ಲ.

ಇವುಗಳ ನಡುವೆಯೇ ಓಲೆಗರಿಯ ಕಟ್ಟೊಂದು ಇರುವುದುಂಟು. ನವರಾತ್ರಿಯ ಸರಸ್ವತೀಪೂಜೆಗೆ ಅದನ್ನಿಳಿಸಿ, ಅರಿಸಿನ ಕುಂಕುಮವೇರಿಸಿ, ದಾರವನ್ನು ಬಿಚ್ಚದೆಯೇ ಮತ್ತೆ ಮೇಲಿಡುವರು. ಒಳಗಿರುವುದು ವೇದಾಂತವೋ ವೈದ್ಯವೋ ಸಾಲದ ಲೆಕ್ಕವೋ ಮನೆಯವರು ಅರಿಯರು. ಗೆದ್ದಲಿಗೆ ಮಾತ್ರ ಲಿಪಿಭೇದವಿಲ್ಲ. ಹಿರಿಯರು ತೀರಿ ಮನೆ ಪಾಲಾಗುವಾಗ ಪಾತ್ರೆಗಳಿಗೆ ತಕ್ಕಡಿ ಬರುತ್ತದೆ. ಓಲೆಗಳಿಗೆ ಹೊಳೆಯೇ ಗತಿ. ನೀರಿಗೆ ಬಿಟ್ಟವರು ದುಷ್ಟರಲ್ಲ. ಪವಿತ್ರವಾದುದು ಕಸಕ್ಕೆ ಸೇರಬಾರದೆಂಬ ಭಕ್ತಿಯಿಂದಲೇ ಹಾಗೆ ಮಾಡಿದವರು. ಅಲಕ್ಷ್ಯದಂತೆ ಈ ಭಕ್ತಿಯೂ ಗ್ರಂಥಗಳನ್ನು ಕಳೆದಿದೆ.

1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಗ್ರಂಥಲಿಪಿಯ ಓಲೆಪ್ರತಿಯೊಂದನ್ನು ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಮುದ್ರಿಸಿ ಪ್ರಕಟಿಸಿದರು. ಅಲ್ಲಿಯವರೆಗೆ ಆ ಗ್ರಂಥವು ಕಳೆದುಹೋಯಿತೆಂದೇ ವಿದ್ವಾಂಸರು ಭಾವಿಸಿದ್ದರು. ಏನನ್ನೂ ಬಿಸಾಡಬಾರದೆನ್ನುವವರು ಇದನ್ನು ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ತಂದುಕೊಳ್ಳಬಹುದು. ಅವರು ಅರ್ಧವನ್ನು ಮರೆತಿದ್ದಾರೆ. ಓಲೆಗಳು ಉಳಿದದ್ದು ಯಾರೋ ಇಟ್ಟುಕೊಂಡದ್ದರಿಂದ. ಲೋಕಕ್ಕೆ ದೊರೆತದ್ದು ಆ ಪಂಡಿತರು ಕೈಬಿಟ್ಟದ್ದರಿಂದ. ಹತ್ತನೆಯ ಶತಮಾನದ ಅತ್ತಿಮಬ್ಬೆಯಾದರೋ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ದಾನವಿತ್ತಳೆಂದು ಪ್ರಸಿದ್ಧಿ. ಒಂದೇ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದು ಆಕೆಗೂ ಸುಲಭವಾಗಿಯೇ ಇತ್ತು.

'ಅಜ್ಜನ ಕೈಬರಹ, ಮನೆಯಿಂದ ಹೊರಗೆ ಹೋಗಬಾರದು' ಎಂಬ ಮಮತೆಯು ಸುಳ್ಳಲ್ಲ; ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಆದರೆ ಆ ಅಜ್ಜನು ಕಬ್ಬಿಣದ ಲೇಖನಿಯಿಂದ ಒಂದೊಂದಕ್ಷರವನ್ನೂ ಕೊರೆದು ಮಸಿ ತೀಡಿದ್ದು ಯಾರಾದರೂ ಓದಲೆಂದಲ್ಲವೆ? ಈಗಂತೂ ಛಾಯಾಪ್ರತಿ ತೆಗೆದುಕೊಂಡು ಮೂಲವನ್ನು ಮನೆಗೇ ಹಿಂದಿರುಗಿಸುವುದೂ ಸಾಧ್ಯ. ಬರುವ ನವರಾತ್ರಿಯಲ್ಲಿ ಕಟ್ಟನ್ನಿಳಿಸಿದವರು, ಪೂಜೆ ಮುಗಿದ ಮರುದಿನ, ಓದಬಲ್ಲವರೊಬ್ಬರನ್ನು ಕರೆದು ದಾರವನ್ನು ಬಿಚ್ಚಿಸಲಿ. ಕುರ್ಚಿಯ ವಿಚಾರವನ್ನು ಆಮೇಲೆ ನೋಡಿಕೊಳ್ಳಬಹುದು.